ಆತುರದಲ್ಲಿ ಆರಿದ ಗಾಜು

ಇದೂ ಚೆನ್ನಾಗಿಯೇ ಇದೆ, ಹಾಳಾಗಿ ಹೋಗಲಿ, ಎಂದುಕೊಂಡು ವಸಂತ್ ಒಂಬತ್ತನೆಯ ಗಾಜಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ. ತೆಳುನೀಲಿ ಗಾಜಿನಾಚೆ ಮಾಕಳಿದುರ್ಗದ ಬೆಟ್ಟವೂ ನೀಲಿಯಾಯಿತು. ಬಣ್ಣ ಎಲ್ಲೂ ಮಾಸಿರಲಿಲ್ಲ. ಒಳಗಿನ ಸಣ್ಣ ಗುಳ್ಳೆಗಳು ದೋಷವಲ್ಲ. ಕೈಯಲ್ಲಿ ಮಾಡಿದ ಗಾಜಿಗೆ ಅವೇ ಒಡವೆ. ವಾಪಸ್ ಕಳಿಸಲು ಕಣ್ಣಿಗೆ ಕಾಣುವ ಒಂದು ತಪ್ಪು ಸಿಕ್ಕಿದ್ದರೆ ಅವನಿಗೆ ಹಾಯೆನಿಸುತ್ತಿತ್ತು.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ವಸಂತ್ ದೊಡ್ಡಬಳ್ಳಾಪುರದ ಈ ಬಣ್ಣಗಾಜಿನ ಕಿಟಕಿಗಳ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಗಾಜು ನೋಡುತ್ತಿದ್ದಾನೆ. ನೋಡುವುದೇ ಕೆಲಸ. ನೋಡಿ, ಮೂಲೆಯಲ್ಲಿ ಬಿಳಿ ಪೆನ್ಸಿಲಿನಿಂದ ಗುರುತು ಹಾಕಿದರೆ ವಾಣಿಶ್ರೀ ಅದನ್ನು ಕೊಯ್ಯುತ್ತಾಳೆ. ಗುರುತಿಲ್ಲದ ಹಾಳೆಯನ್ನು ಅವಳು ಮುಟ್ಟುವುದಿಲ್ಲ.

ಹಾಳೆಯನ್ನು, ಗಾಜಿನೊಳಗಿನ ಬಿಗಿ ತೋರಿಸುವ ಎರಡು ಕಪ್ಪು ಪೋಲರಾಯ್ಡ್ ಫಿಲ್ಮುಗಳ ನಡುವೆ ಇಟ್ಟು ದೀಪ ಹಾಕಿದ. ಸರಿಯಾಗಿ ಆರಿದ ಗಾಜಾದರೆ ಕಪ್ಪಗೇ ಇರಬೇಕು. ಇದರಲ್ಲಿ ನವಿಲುಗರಿಯ ಹಾಗೆ ಬಣ್ಣದ ಪಟ್ಟೆಗಳು ಎದ್ದವು. ಹಾಳೆ ಮಾಡಿ ಕಳಿಸಿದ ಕುಲುಮೆಯವರು ಆತುರದಲ್ಲಿ ಆರಿಸಿದ್ದಾರೆ. ಒಳಗೆ ಬಿಗಿ ಉಳಿದುಬಿಟ್ಟಿದೆ. ಇಂಥ ಗಾಜು ಕೊಯ್ದ ಗೆರೆಯ ಮಾತು ಕೇಳುವುದಿಲ್ಲ, ತನಗೆ ತೋಚಿದ ಕಡೆ ಒಡೆಯುತ್ತದೆ, ಕೆಲವೊಮ್ಮೆ ಹಿಡಿದ ಕೈಯಲ್ಲೇ. ಹಿಂದಿನ ಎಂಟು ಹಾಳೆಗಳ ಕಥೆಯೂ ಇದೇ ಆಗಿತ್ತು.

ಮಾಲೀಕ ಮುನಿರಾಜ್ ಹಿಂದಿನಿಂದ ಬಗ್ಗಿ ನೋಡಿದ. "ಏನ್ ಚೆನ್ನಾಗೈತೆ ಗುರು, ಈ ಪಟ್ಟೆ!"

"ಅದು ರೋಗ ಸಾರ್. ಒಳಗೆ ಬಿಗಿ ಇದೆ. ವಾಪಸ್ ಕಳಿಸ್ಬೇಕು."

"ಒಡೆದೇ ಒಡೀತದಾ?"

"ಒಡೀಬಹುದು."

"ಬಹುದು ಅಂದ್ರೆ?"

"ಗ್ಯಾರಂಟಿಯಾಗಿ ಹೇಳಕ್ಕಾಗಲ್ಲ."

"ಹೇಳಕ್ಕಾಗಲ್ಲ ಅಂದ್ಮೇಲೆ ಗುರುತು ಹಾಕಪ್ಪ. ದೇವನಹಳ್ಳಿ ರೆಸಾರ್ಟ್‌ನೋರು ಸೋಮವಾರ ಕಿಟಕಿ ಕೂರಿಸ್ಬೇಕು ಅಂತ ತಲೆ ಮೇಲೆ ಕೂತವ್ರೆ."

ಫೋನು ಬಂತು. ಮುನಿರಾಜ್ ತನ್ನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡ. 'ಒಡೆದೇ ಒಡೆಯುತ್ತದೆ' ಎಂದು ಒಂದು ಸುಳ್ಳು ಹೇಳಿದ್ದರೆ ಮುಗಿದು ಹೋಗುತ್ತಿತ್ತು. ಕಲಿತ ವಿದ್ಯೆ ಅಷ್ಟು ಸುಳ್ಳಿಗೂ ಬಿಡಲಿಲ್ಲ. ವಸಂತ್ ಒಂಬತ್ತಕ್ಕೂ ಗುರುತು ಹಾಕಿದ. ಪೆನ್ಸಿಲ್ ಮೊಂಡಾಗಿತ್ತು, ಎರಡೆರಡು ಸಲ ಎಳೆಯಬೇಕಾಯಿತು.

ವಾಣಿಶ್ರೀ ಮೊದಲು ಪವರ್‌ಲೂಮಿನಲ್ಲಿದ್ದವಳು. ನೂಲು ಹಿಡಿದು ಪಳಗಿದ ಬೆರಳು; ಗಾಜನ್ನೂ ಬರಿಗೈಯಲ್ಲೇ ಹಿಡಿಯುತ್ತಾಳೆ.

"ನೋಡಿದ್ರಾ ಸಾ?"

"ನೋಡ್ದೆ. ಗ್ಲೌಸ್ ಹಾಕ್ಕೊಳ್ಳಿ."

"ಇವತ್ತೇನ್ ಹೊಸದಾಗಿ? ಗ್ಲೌಸ್ ಹಾಕಿದ್ರೆ ಗಾಜು ಬಿರುಕು ಬಿಡೋದು ಬೆರಳಿಗೆ ಗೊತ್ತಾಗಲ್ಲ. ನೀವು ನೋಡಿದೀರಲ್ಲ, ಬಿಡಿ."

ನೋಡಿದ್ದಂತೂ ನಿಜ ತಾನೇ ಎಂದು ಅವನು ಸಮಾಧಾನ ಮಾಡಿಕೊಂಡ. ಆದರೂ ಅಲ್ಲಿಂದ ಕದಲಲಿಲ್ಲ.

ವಾಣಿಶ್ರೀ ಗೆರೆ ಕೊಯ್ದು ಹಿಂದಿನಿಂದ ತಟ್ಟಿದಳು; ಮೊದಲನೆಯದು ಗೆರೆಯ ಮೇಲೇ ಎರಡಾಯಿತು. ಎರಡನೆಯದೂ ಹಾಗೇ. ಪ್ರತಿ ಸಲವೂ ಅವನು ಉಗುರನ್ನು ಅಂಗೈಗೆ ಒತ್ತಿಕೊಂಡು ನಿಂತಿದ್ದ. ಐದನೆಯದು ಬೆಣ್ಣೆಯ ಹಾಗೆ ಬಿಟ್ಟುಕೊಂಡಾಗ ತನಗಾದದ್ದು ನಿರಾಸೆ ಎಂದು ಅವನಿಗೆ ಗೊತ್ತಾಯಿತು. ಒಂದಾದರೂ ಒಡೆಯಲಿ, ಅವಳ ಕೈಯಲ್ಲಾದರೂ ಸರಿ, ತನ್ನ ಮಾತು ನಿಜವಾಗಲಿ ಎಂದು ಅವನು ಕಾಯುತ್ತಿದ್ದ. ತನ್ನ ಮೇಲೆ ತನಗೇ ಅಸಹ್ಯವಾಯಿತು. ಅದರ ಜೊತೆ ಹಸಿವೂ ಆಗುತ್ತಿತ್ತು.

ಎಂಟು ಮುಗಿದವು. ಉಳಿದವರೆಲ್ಲ ಊಟಕ್ಕೆ ಹೋದರು. ಒಂಬತ್ತನೆಯದು ಎಲ್ಲಕ್ಕಿಂತ ದೊಡ್ಡದು.

"ಇದೊಂದು ಮುಗಿಸ್ಬಿಡೋಣ. ಆ ಕಡೆ ಹಿಡೀರಿ ಸಾ."

ಗೆರೆ ಕೊಯ್ದ ಹಾಳೆಯನ್ನು ಇಬ್ಬರೂ ನೆಟ್ಟಗೆ ಎತ್ತಿ ಹಿಡಿದರು. ವಾಣಿಶ್ರೀ ಒಂದು ಕೈಯಿಂದ ಗೆರೆಯ ಹಿಂದೆ ಮೆಲ್ಲಗೆ ತಟ್ಟಿದಳು. ಬಿರುಕು ಒಂದು ಗೇಣು ಗೆರೆಯಲ್ಲೇ ಓಡಿತು. ಆಮೇಲೆ ಗೆರೆ ಬಿಟ್ಟು, ಸದ್ದಿಲ್ಲದೆ ಬಾಗಿ, ಅವಳ ಹೆಬ್ಬೆರಳ ಕಡೆ ತಿರುಗಿ, ಎರಡು ಬೆರಳಿನಷ್ಟು ದೂರದಲ್ಲಿ ನಿಂತಿತು.

"ಬಿಡ್ಬೇಡಿ," ಎಂದಳು ಅವಳು. ತಟ್ಟುತ್ತಿದ್ದ ಕೈಯೂ ಈಗ ಗಾಜಿಗೆ ಅಂಟಿತ್ತು. "ಬಿಟ್ರೆ ಮೇಲಿನ ತುಂಡು ನನ್ ಮಣಿಕಟ್ಟಿಗೇ ಬರೋದು."

"ಇಲ್ಲ."

"ಗೊತ್ತಿತ್ತಾ ಸಾ ನಿಮಗೆ?"

ಕೋಣೆಯೊಳಗೆ ಮುನಿರಾಜ್ ಫೋನಿನಲ್ಲಿ ನಗುತ್ತಿದ್ದ. ಅವನನ್ನು ಕೂಗಬೇಕು ಎಂದು ವಸಂತ್ ಬಾಯಿ ತೆರೆದು ಉಸಿರೆಳೆದ. ಅಷ್ಟಕ್ಕೇ ಗಾಜು ನಡುಗಿ, ಬಿರುಕು ಒಂದು ರಾಗಿ ಕಾಳಿನಷ್ಟು ಮುಂದೆ ಸರಿಯಿತು.

ಅವನು ಬಾಯಿ ಮುಚ್ಚಿಕೊಂಡ. ಎಳೆದ ಉಸಿರನ್ನು ಬಿಡಲೂ ಭಯ. ತೋಳು ಆಗಲೇ ಸೋಲತೊಡಗಿತ್ತು. ಗಾಜಿನಾಚೆ ವಾಣಿಶ್ರೀ ಬಿರುಕನ್ನು ನೋಡುತ್ತಿರಲಿಲ್ಲ, ಅವನನ್ನೇ ನೋಡುತ್ತಿದ್ದಳು.