ಅಗಸಿಮನಿ ಯಂಕಪ್ಪನ ಮೊದಲ ನಂಬರು

ಸ್ವಾತಂತ್ರ್ಯ ಬಂದ ಕೆಲವೇ ವರ್ಷಗಳಲ್ಲಿ ಧಾರವಾಡಕ್ಕೆ ಹೊಸ ವಿಶ್ವವಿದ್ಯಾಲಯ ಬಂತು. ಅಲ್ಲಿಯವರೆಗೆ ನಮ್ಮ ಕಡೆಯವರ ಪದವಿ ಕಾಗದಗಳೆಲ್ಲ ಮುಂಬಯಿಯಿಂದ ಬರಬೇಕಿತ್ತು. ಮೊದಲ ಘಟಿಕೋತ್ಸವ ಇಲ್ಲೇ ಎಂದು ತಿಳಿದ ದಿನದಿಂದ ಬೆಟಗೇರಿಯ ಯಂಕಪ್ಪನಿಗೆ ಒಂದೇ ಧ್ಯಾನ: ವೇದಿಕೆ ಹತ್ತಿ ಎಲ್ಲರಿಗಿಂತ ಮೊದಲು ಪದವಿ ಪಡೆಯುವವನು ತಾನೇ ಆಗಬೇಕು.

ಅಂಕಗಳ ಬಲದಿಂದ ಅದು ಆಗುವಂತಿರಲಿಲ್ಲ. ಅವನು ಪಾಸಾದದ್ದು ಕಂಡು ಪಾಠ ಹೇಳಿದವರೇ ಎರಡು ಸಲ ಯಾದಿ ನೋಡಿದ್ದರು. ಆದರೆ ಹೆಸರು ಕರೆಯುವುದು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಎಂದು ಕಚೇರಿಯ ಗುಮಾಸ್ತರಿಂದ ತಿಳಿದುಕೊಂಡ. ಯಂಕಪ್ಪ ಎಂದರೆ ಕೊನೆಯ ಸಾಲು. ಅರ್ಜಿ ತುಂಬುವಾಗ ಮನೆತನದ ಹೆಸರನ್ನು ಮುಂದೆ ತಂದು ‘ಅಗಸಿಮನಿ ಯಂಕಪ್ಪ’ ಎಂದು ಬರೆದ. ಯಾದಿಯಲ್ಲಿ ಅವನದೇ ಮೊದಲ ಹೆಸರು ಬಂತು. ನೂಲಿನ ವ್ಯಾಪಾರಿಯಾದ ಅವನಪ್ಪ ದೇವಪ್ಪ ಆ ಸುದ್ದಿ ಬರೆದಿದ್ದ ಮಗನ ಕಾಗದವನ್ನು ಅಂಗಡಿಗೆ ಬಂದವರಿಗೆಲ್ಲ ಓದಿಸಿದ. ಯಂಕಪ್ಪ ಇಡೀ ವಿಶ್ವವಿದ್ಯಾಲಯಕ್ಕೇ ಮೊದಲಿಗ ಎಂಬ ಖಬರ ಎರಡೇ ದಿನದಲ್ಲಿ ಬೆಟಗೇರಿ ದಾಟಿ ಪಕ್ಕದ ಗದಗಿನ ತುಂಬ ಹಬ್ಬಿತು.

ಯಂಕಪ್ಪನ ವರ್ಗದಲ್ಲೇ ಡಂಬಳದ ಸಿದ್ದಲಿಂಗವ್ವ ಇದ್ದಳು. ತಾಯಿಯಿಲ್ಲದ ಆ ಮೊಮ್ಮಗಳನ್ನು ಓದಿಸಲೆಂದೇ ಅಜ್ಜಿ ಗದಿಗೆವ್ವ ಹೊಲವನ್ನು ಬೇರೆಯವರಿಗೆ ಉಳಲು ಲಾವಣಿಗೆ ಕೊಟ್ಟು, ಧಾರವಾಡದಲ್ಲಿ ಖೋಲಿ ಹಿಡಿದು ನಾಲ್ಕು ವರ್ಷ ರೊಟ್ಟಿ ಬಡಿದಿದ್ದಳು. ಅಷ್ಟು ವರ್ಷದಲ್ಲಿ ಯಂಕಪ್ಪನೂ ಸಿದ್ದಲಿಂಗವ್ವನೂ ಒಂದು ಮಾತೂ ಆಡಿರಲಿಲ್ಲ. ಆಡಿದ್ದರೆ ಗದಿಗೆವ್ವ ಇಬ್ಬರನ್ನೂ ಸುಮ್ಮನೆ ಬಿಡುತ್ತಿರಲಿಲ್ಲ.

ಘಟಿಕೋತ್ಸವದ ದಿನ ಯಂಕಪ್ಪ ಕರಿ ಗೌನು ತೊಟ್ಟು ಮೊದಲ ಕುರ್ಚಿಯಲ್ಲಿ ಕುಳಿತ. ಇನ್ನೇನು ಹೆಸರು ಕರೆಯಬೇಕು, ವೇದಿಕೆಯ ಮೇಲಿದ್ದ ಹಿರಿಯರೊಬ್ಬರು ಹೆಣ್ಣುಮಕ್ಕಳಿಗೆ ಮೊದಲು ಕೊಡೋಣ ಎಂದುಬಿಟ್ಟರು. ಯಾದಿಯಲ್ಲಿದ್ದ ಹೆಣ್ಣುಮಗಳು ಒಬ್ಬಳೇ. ಅರ್ಧ ಎದ್ದಿದ್ದ ಯಂಕಪ್ಪ ಮತ್ತೆ ಕುಳಿತ. ಸಿದ್ದಲಿಂಗವ್ವ ಇಳಕಲ್ ಸೀರೆಯ ಮೇಲೆ ಗಂಡಸರ ಅಳತೆಯ ಗೌನನ್ನು ಎತ್ತಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಯಂಕಪ್ಪನ ಸರದಿ ಬಂದಾಗ ಜನರ ಕೈ ದಣಿದಿದ್ದವು.

ಮರುದಿನ ಗದಗಿನ ರೈಲಿನಲ್ಲಿ ಅಜ್ಜಿ, ಮೊಮ್ಮಗಳು, ಯಂಕಪ್ಪ ಮೂವರೂ ಒಂದೇ ಡಬ್ಬಿಯಲ್ಲಿ ಸಿಕ್ಕರು. ಅವನ ಬಾಡಿದ ಮುಖ ನೋಡಲಾಗದೆ ಗದಿಗೆವ್ವ ರೊಟ್ಟಿ ಕೊಟ್ಟು, ಏನಾಯಿತೆಂದು ಕೇಳಿದಳು. ತಾನೇ ಮೊದಲಿಗನೆಂದು ನಂಬಿ ಗದಗ ಸ್ಟೇಶನ್ನಿನಲ್ಲಿ ಹಲಗೆ ಬಾರಿಸುವವರು ಕಾದಿದ್ದಾರೆಂದು ಅವನು ಹೇಳಿಕೊಂಡ.

“ಎರಡನೇದಾಂವ ಅಂತ ಹೇಳಿಬಿಡು. ಎರಡೂ ಎಣಿಕಿಯಾಗ ಬರತೈತಿ” ಎಂದಳು ಗದಿಗೆವ್ವ.

ಕಿಟಕಿಯ ಕಡೆ ಮುಖ ಮಾಡಿದ್ದ ಸಿದ್ದಲಿಂಗವ್ವ ಮೊಟ್ಟಮೊದಲ ಬಾರಿಗೆ ಅವನೊಡನೆ ಮಾತಾಡಿದಳು. “ಗಂಡಸರೊಳಗ ನೀವ ಮೊದಲ ಅಲ್ಲೇನ್ರಿ? ಅದೇನ ಸುಳ್ಳಲ್ಲ.”

ಅವಳು ಚೇಷ್ಟೆ ಮಾಡುತ್ತಿದ್ದಾಳೋ ದಾರಿ ತೋರಿಸುತ್ತಿದ್ದಾಳೋ ಎಂದು ಯಂಕಪ್ಪ ಅಣ್ಣಿಗೇರಿ ದಾಟುವವರೆಗೂ ಯೋಚಿಸಿದ.

ಗದಗಿನಲ್ಲಿ ಇಳಿದ ಕೂಡಲೇ ಹಲಗೆ ಶುರುವಾದವು. ದೇವಪ್ಪ ಚೆಂಡುಹೂವಿನ ದೊಡ್ಡ ಹಾರ ಹಿಡಿದು ಬಂದ. ಗಂಡಸರ ಲೆಕ್ಕ ಹೇಳಬೇಕೆಂದೇ ಯಂಕಪ್ಪ ಬಾಯಿ ತೆರೆದದ್ದು. ಆದರೆ ಅಪ್ಪನ ಕಣ್ಣು ನೋಡಿ ಅದು ಹೊರಡಲಿಲ್ಲ.

“ಅಪ್ಪಾ, ಮೊದಲನೇ ಪದವಿ ಈಕಿಗೆ ಸಿಕ್ಕೈತಿ. ಡಂಬಳದ ಸಿದ್ದಲಿಂಗವ್ವ. ನಾ ಆಮ್ಯಾಲೆ.”

ಹಲಗೆ ನಿಂತವು. ಹಾರ ಯಾರಿಗೆ ಹಾಕಬೇಕೆಂದು ದೇವಪ್ಪನಿಗೆ ತಿಳಿಯದಾಯಿತು. ಯಂಕಪ್ಪ ಅದನ್ನು ಕೈಗೆ ತೆಗೆದುಕೊಂಡ. ಹುಡುಗಿಗೆ ಹಾಕಿದರೆ ಇಡೀ ಸ್ಟೇಶನ್ನು ಬೇರೆಯೇ ಅರ್ಥ ಮಾಡಿಕೊಳ್ಳುತ್ತದೆ ಎಂದು ಹೊಳೆದು, ಹಾರವನ್ನು ಗದಿಗೆವ್ವನ ಕೊರಳಿಗೆ ಹಾಕಿಬಿಟ್ಟ.

ಮುದುಕಿ ಬೇಡ ಎನ್ನಲಿಲ್ಲ. ಸೆರಗು ಸರಿಮಾಡಿಕೊಂಡು, “ಹಲಗಿ ಯಾಕ ನಿಂತಾವು? ಬಾರಸ್ರಿ” ಎಂದಳು.

ಡಂಬಳದ ಮೇಲೆ ಹೋಗುವ ಮುಂಡರಗಿ ಮೋಟಾರು ನಿಲ್ಲುವ ಜಾಗದವರೆಗೂ ಹಲಗೆಯವರು ಬಂದರು. ಊರವರು ಯಂಕಪ್ಪನನ್ನು ವರ್ಷಗಟ್ಟಲೆ ‘ಎರಡನೇ ಸಾಹೇಬ್ರು’ ಎಂದೇ ಕರೆದರು; ಅವನೂ ಓಗೊಟ್ಟ. ಸಿದ್ದಲಿಂಗವ್ವ ಮುಂಡರಗಿಯಲ್ಲಿ ಶಿಕ್ಷಕಿಯಾದಳು. ಕನ್ನಡ ನಾಡು ಒಂದಾದ ವರ್ಷ ಯಂಕಪ್ಪ ಅವಳಲ್ಲಿಗೆ ಹೋಗಿ, ತನ್ನ ತಂಗಿ ಉಡಚವ್ವನನ್ನು ಕಾಲೇಜಿಗೆ ಕಳಿಸಲು ಅಪ್ಪನನ್ನು ಒಪ್ಪಿಸಬೇಕೆಂದು ಕೇಳಿಕೊಂಡ. ಅವಳು ಬೆಟಗೇರಿಗೆ ಬಂದು ದೇವಪ್ಪನ ಎದುರು ಅರ್ಧ ತಾಸು ಕುಳಿತು ಒಪ್ಪಿಸಿದಳು. ಉಡಚವ್ವ ಓದು ಮುಗಿಸುವವರೆಗೆ ಯಂಕಪ್ಪ ತಿಂಗಳಿಗೊಮ್ಮೆ ಅವಳ ರೊಟ್ಟಿಗೆಂದು ಜೋಳದ ಹಿಟ್ಟಿನ ಚೀಲ ಹೊತ್ತು ಧಾರವಾಡಕ್ಕೆ ಹೋಗಿಬರುತ್ತಿದ್ದ.