ಅಟ್ಟದಿಂದ ಬಿದ್ದ ಕೂದಲುಂಡೆಗಳು

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಕಥೆಯಲ್ಲಿ ತಪ್ಪು ಮಾಡಿದವಳು ನಾನೇ. ಬೇರೆ ಯಾರೋ ಉಪ್ಪುಖಾರ ಹಚ್ಚಿ ಹೇಳುವುದಕ್ಕಿಂತ ನನ್ನ ಬಾಯಿಂದಲೇ ಕೇಳಿ.

ನಮ್ಮದು ಹಾಸಿಗೆ ಮಾಡುವ ಮನೆ. ಮುಂದೆ ಅಂಗಡಿ, ಹಿಂದೆ ನಾವಿರುವ ಎರಡು ಕೋಣೆ, ಮೇಲೆ ಹಳೆಯ ಅಟ್ಟ. ನಮ್ಮ ಯಜಮಾನರು ಹತ್ತಿ ಹಿಂಜುತ್ತಾರೆ, ನಾನು ಗವಸು ಹೊಲಿಯುತ್ತೇನೆ, ನನ್ನ ಓರಗಿತ್ತಿ ದಿಂಬು ತುಂಬುತ್ತಾಳೆ. ಮೈದುನ ತೀರಿಕೊಂಡು ಎರಡು ವರ್ಷವಾಯಿತು. ಅವಳೂ ಅವಳ ಐದು ವರ್ಷದ ಮಗಳೂ ನಮ್ಮ ಜೊತೆಗೇ ಇದ್ದಾರೆ. ಅವಳ ಕೈ ಬಹಳ ಬಿಗಿ. ಅವಳು ತುಂಬಿದ ದಿಂಬು ವರ್ಷಗಟ್ಟಲೆ ತಲೆ ಇಟ್ಟರೂ ಜಗ್ಗುವುದಿಲ್ಲ. ಗಿರಾಕಿಗಳು ಬಂದು ನನ್ನ ಹೊಲಿಗೆಯನ್ನು ಬಿಟ್ಟು ಅವಳ ದಿಂಬನ್ನೇ ಹೊಗಳಿದರೆ ನನಗೆ ಒಳಗೊಳಗೇ ಉರಿಯುತ್ತಿತ್ತು. ಅದನ್ನೂ ಮುಚ್ಚಿಡುವುದಿಲ್ಲ.

ಹತ್ತಿ ತುಂಬಿದ ಮನೆಗೆ ಇಲಿಯ ಕಾಟ ತಪ್ಪಿದ್ದಲ್ಲ. ಗವಸು ಕಡಿಯುತ್ತವೆ, ಹತ್ತಿಯೊಳಗೆ ಮರಿ ಹಾಕುತ್ತವೆ, ಹೊಸ ಹಾಸಿಗೆಯ ಮೂಲೆಯಲ್ಲಿ ತೂತು ಮಾಡಿ ಗಿರಾಕಿಯ ಎದುರಿಗೆ ನಮ್ಮ ಮಾನ ತೆಗೆಯುತ್ತವೆ. ಈ ವರ್ಷ ಮಾತ್ರ ಕಾಟ ಅರ್ಧಕ್ಕರ್ಧ ಇಳಿದಿತ್ತು. ಯಾಕೆ ಅಂತ ನಾವು ಯಾರೂ ಕೇಳಿಕೊಳ್ಳಲಿಲ್ಲ.

ಅದೇ ಹೊತ್ತಿಗೆ ಅಟ್ಟದಲ್ಲಿ ಸದ್ದು ಶುರುವಾಯಿತು. ಹೊತ್ತು ಮುಳುಗುತ್ತಿದ್ದಂತೆ ಯಾರೋ ಹಲ್ಲು ಕಚ್ಚಿಕೊಂಡು ಉಸಿರು ಬಿಟ್ಟ ಹಾಗೆ 'ಸ್ಸ್ಸ್' ಅಂತ. ನಡುವೆ ಒಂದು ಚೀರು, ಹೆಂಗಸು ಕಿರುಚಿದ ಹಾಗೆ. ಅದೇ ವಾರ ನಮ್ಮ ಅತ್ತೆ ಹಿಂಬಾಗಿಲ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡರು. ಮೆಟ್ಟಿಲ ಮೇಲೆ ಸೋಪಿನ ನೀರು ಚೆಲ್ಲಿದವಳು ನಾನೇ. ಆದರೆ ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ!

ಆಮೇಲೊಂದು ಬೆಳಿಗ್ಗೆ ಅಂಗಡಿ ಗುಡಿಸುತ್ತಿದ್ದೆ. ಅಟ್ಟದ ಬಾಯಿಯ ಕೆಳಗೆ ಏನೋ ಬಿದ್ದಿತ್ತು. ಹೆಬ್ಬೆರಳಿಗಿಂತ ದಪ್ಪ, ಬೂದು ಬಣ್ಣ, ಕೂದಲಿನ ಉಂಡೆ. ಹತ್ತಿಯ ಗಂಟು ಇರಬೇಕೆಂದು ಚಪ್ಪಲಿಯಲ್ಲಿ ಒತ್ತಿದೆ. ಒಡೆಯಿತು. ಒಳಗೆ ಮೂಳೆಗಳು! ಹಲ್ಲು ಕಚ್ಚಿಕೊಂಡ ಒಂದು ಪುಟ್ಟ ತಲೆಬುರುಡೆ! ಪಕ್ಕದಲ್ಲಿ ಇನ್ನೊಂದು ಉಂಡೆ, ಎಣ್ಣೆ ಹಚ್ಚಿದ ಹಾಗೆ ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಪೊರಕೆ ಅಲ್ಲೇ ಬಿಟ್ಟು ಕಿರುಚಿದೆ.

ಯಜಮಾನರು ಇಕ್ಕಳದಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮೂವತ್ತು ವರ್ಷ ಹತ್ತಿ ಹಿಂಜಿದವರು.

"ಇದು ತಾನಾಗೇ ಆಗಿದ್ದಲ್ಲ ಕಣೇ. ಕೂದಲು ಒಂದಕ್ಕೊಂದು ಕಚ್ಕೊಂಡಿದೆ. ಒದ್ದೆ ಮಾಡಿ ಅದುಮಿ ಅದುಮಿ ಮಾಡಿರೋದು. ತುಂಬೋ ಕೆಲಸ ಗೊತ್ತಿರೋರದ್ದೇ ಕೈ ಇದು."

"ಅಯ್ಯೋ, ಮಾಟ!" ಎಂದರು ಅತ್ತೆ ಮಂಚದಿಂದಲೇ.

ಆಗ ನನ್ನ ನಾಲಿಗೆ ಒಂದು ಕ್ಷಣ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬಾಗಿಲಲ್ಲಿ ಪಕ್ಕದ ಮನೆಯವರು, ಎದುರಿನ ಬೀಗ ರಿಪೇರಿಯವನು, ಬೀದಿಯ ಅರ್ಧ ಜನ ನಿಂತಿದ್ದರು. ಅವರೆಲ್ಲರ ಎದುರಿಗೆ ಅಂದೆ:

"ಇಷ್ಟು ಬಿಗಿಯಾಗಿ ತುಂಬೋ ಕೈ ಈ ಮನೇಲಿ ಒಂದೇ ಒಂದು ಇರೋದು."

ಎಲ್ಲರೂ ನನ್ನ ಓರಗಿತ್ತಿಯ ಕಡೆ ತಿರುಗಿದರು. ಅವಳು ದಿಂಬಿನೊಳಗೆ ಕೈ ಇಟ್ಟುಕೊಂಡು ಹಾಗೇ ಕೂತಿದ್ದಳು.

"ಅಕ್ಕಾ, ನಾನಾ?" ಎಂದಳು. ಅಷ್ಟೇ.

ಅವತ್ತಿಡೀ ಯಾರೂ ಅವಳ ಕೈಯಿಂದ ನೀರು ತೆಗೆದುಕೊಳ್ಳಲಿಲ್ಲ. "ಅವಳನ್ನ ತವರಿಗೆ ಕಳಿಸಿಬಿಡು" ಎಂದು ಅತ್ತೆ ಮಗನಿಗೆ ಹೇಳಿದ್ದು ಅವಳ ಕಿವಿಗೂ ಬಿತ್ತು. ತವರಲ್ಲಿ ಅವಳಿಗೆ ಇರುವುದು ಒಬ್ಬ ಚಿಕ್ಕಪ್ಪ. ಮದುವೆಯಾದ ಮೇಲೆ ಒಂದು ಸಲವೂ ಬಂದು ನೋಡಿದವನಲ್ಲ. ಮಾರನೆಯ ಬೆಳಿಗ್ಗೆ ಅವಳೇ ಟ್ರಂಕು ಎತ್ತಿಕೊಂಡು, ಮಗಳ ಕೈ ಹಿಡಿದು, ಹನ್ನೆರಡು ಗಂಟೆಯ ಬಸ್ಸಿಗೆಂದು ಹೊರಟಳು. ಮಗು ತಿರುಗಿ ತಿರುಗಿ ನೋಡಿ "ದೊಡ್ಡಮ್ಮ, ನೀನು ಬರಲ್ವಾ?" ಎಂದಿತು. ನಾನು ಒಳಗೆ ಬಂದು ಹೊಲಿಗೆ ಯಂತ್ರ ತುಳಿದೆ.

ಹನ್ನೊಂದು ಗಂಟೆಗೆ ದನದ ಆಸ್ಪತ್ರೆಯ ಡಾಕ್ಟರಮ್ಮ ಬಂದರು, ಹೇಳಿಟ್ಟಿದ್ದ ಎರಡು ದಿಂಬು ತೆಗೆದುಕೊಂಡು ಹೋಗಲು. ಹಳೆಯ ಗಿರಾಕಿ. ಕೂತ ಕೂಡಲೇ ಕೇಳಿದರು:

"ಎಲ್ಲಿ ನಿಮ್ಮ ದಿಂಬಿನ ಹುಡುಗಿ?"

ನಾನು ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿ, ಡಬ್ಬದಲ್ಲಿ ಮುಚ್ಚಿಟ್ಟಿದ್ದ ಉಂಡೆಗಳನ್ನು ದೂರದಿಂದ ತೋರಿಸಿದೆ. ಡಾಕ್ಟರಮ್ಮ ಬಗ್ಗಿ ನೋಡಿದರು. ಆಮೇಲೆ ನಕ್ಕರು. ಮಾಟ ನೋಡಿ ನಗುವವರನ್ನು ನಾವು ಕಂಡಿರಲಿಲ್ಲ.

"ಒಂದು ಬೋಗುಣಿ ಬಿಸಿನೀರು ಕೊಡಿ. ಒಂದು ದಬ್ಬಣ ಕೊಡಿ."

ಅವರು ಮೂಗಿಗೆ ಬಟ್ಟೆ ಕಟ್ಟಿಕೊಂಡರು, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡರು. "ಹಾಗೇ ಮುಟ್ಟಬಾರದು, ರೋಗಾಣು ಇರ್ತವೆ. ಮಾಟಕ್ಕಲ್ಲ, ಕೊಳೆಗೆ ಹೆದರಿ" ಎಂದು ಉಂಡೆಯನ್ನು ನೀರಿಗೆ ಬಿಟ್ಟರು. "ಅಯ್ಯಯ್ಯೋ, ಬೇಡ ತಾಯಿ!" ಎಂದು ಅತ್ತೆ ಕಣ್ಣು ಮುಚ್ಚಿಕೊಂಡರು. ಹಾಸಿಗೆ ಹೊಲಿಯುವ ದಬ್ಬಣದಿಂದ ಡಾಕ್ಟರಮ್ಮ ಮೆಲ್ಲಗೆ ಬಿಡಿಸಿದರು. ಕೂದಲು ತೇಲಿತು. ಮೂಳೆ ಕೆಳಗಿಳಿಯಿತು. ಒಂದು ತಲೆಬುರುಡೆ, ಎರಡು, ಮೂರು. ಪ್ರತಿಯೊಂದಕ್ಕೂ ಮುಂದೆ ಎರಡು ಉದ್ದನೆಯ ಹಳದಿ ಹಲ್ಲು.

"ಯಾರ ಹಲ್ಲು ಇದು, ಹೇಳಿ."

ಯಜಮಾನರು ಬಗ್ಗಿ ನೋಡಿ ಕೂಗಿದರು. "ಇಲಿದು! ನಮ್ಮ ಗವಸು ಕಡಿಯೋ ಹಲ್ಲೇ ಇದು!"

"ಹೌದು. ನಿಮ್ಮ ಅಟ್ಟದಲ್ಲಿ ಕಣಜಗೂಬೆ ಇದೆ. ಅದು ಇಲೀನ ಅಗಿಯಲ್ಲ, ಸಾಮಾನ್ಯವಾಗಿ ಇಡೀದಾಗೇ ನುಂಗುತ್ತೆ. ಮಾಂಸ ಕರಗುತ್ತೆ. ಕೂದಲು, ಮೂಳೆ ಕರಗಲ್ಲ. ಹೊಟ್ಟೇನೇ ಅದನ್ನ ಅದುಮಿ ಉಂಡೆ ಮಾಡುತ್ತೆ. ಕೆಲವು ಗಂಟೆ ಆದ್ಮೇಲೆ ಗೂಬೆ ಕಕ್ಕಿಬಿಡುತ್ತೆ. ಹೊಸದು ಕಪ್ಪಗೆ ಹೊಳೆಯುತ್ತೆ, ಒಣಗಿದ್ದು ಬೂದು. ಎಣ್ಣೇನೂ ಇಲ್ಲ, ಮಂತ್ರಾನೂ ಇಲ್ಲ."

"ಗೂಬೆನಾ? ಮನೆಯೊಳಗಾ?" ಅತ್ತೆಗೆ ಈಗ ಮಾಟಕ್ಕಿಂತ ಹೆಚ್ಚು ಭಯ.

ನಾನು ಸುಲಭಕ್ಕೆ ಸೋಲುವವಳಲ್ಲ. "ಇಲಿ ಮೂಳೆ ಇಟ್ಟೇ ಮಾಟ ಮಾಡ್ಬಹುದಲ್ಲ ಡಾಕ್ಟರಮ್ಮ? ಗೂಬೆ ಕಕ್ಕಿದ್ದು ಅಂತ ಕಂಡೋರು ಯಾರು?" ಎಂದೆ.

ಅವರು ಏಣಿ ತೋರಿಸಿದರು. "ಹತ್ತಿ ನೋಡಿ. ಮೂಗಿಗೆ ಬಟ್ಟೆ ಕಟ್ಕೊಳ್ಳಿ. ಸದ್ದು ಮಾಡ್ಬೇಡಿ, ಹತ್ತಿರ ಹೋಗ್ಬೇಡಿ."

ಮಾತಾಡಿ ಆಗಿತ್ತಲ್ಲ, ಹತ್ತಿದೆ. ಅಟ್ಟದ ಗವಾಕ್ಷಿಯ ಬೆಳಕಿನಲ್ಲಿ, ಹಳೆಯ ಗವಸುಗಳ ಹಿಂದೆ, ನಾಲ್ಕು ಬಿಳಿ ಮುಖಗಳು! ಒಂದು ದೊಡ್ಡದು, ಒಂದು ಅದಕ್ಕಿಂತ ಸಣ್ಣದು, ಹಾಗೇ ಇಳಿಯುತ್ತ ಕೊನೆಯದು ಮುಷ್ಟಿಯಷ್ಟು. ನಾಲ್ಕೂ ತಲೆ ತಗ್ಗಿಸಿ ಅತ್ತಿತ್ತ ತೂಗುತ್ತ 'ಸ್ಸ್ಸ್' ಎಂದವು. ನಾವು ದೆವ್ವದ್ದೆಂದುಕೊಂಡ ಉಸಿರು ಅದೇ. ಹಸಿದ ಮರಿಗಳ ಸದ್ದು. ಒಂದು ಮರಿ ಅತ್ತ ತಿರುಗಿ ಕೂತಿತು, ಆಮೇಲೆ ಮೈ ಅಲುಗಿಸದೆ ತಲೆಯನ್ನಷ್ಟೇ ಪೂರ್ತಿ ಬೆನ್ನಿನ ಕಡೆ ತಿರುಗಿಸಿ ನನ್ನನ್ನೇ ನೋಡಿತು. ಏಣಿಯಿಂದ ಬೀಳುವುದೊಂದು ಬಾಕಿ.

"ಕತ್ತು ಮುರ್ಕೊಂಡ್ತು!" ಎಂದು ಪಿಸುಗುಟ್ಟಿದೆ.

ಕೆಳಗಿನಿಂದ ಡಾಕ್ಟರಮ್ಮ ಮೆಲ್ಲಗೆ ಹೇಳಿದರು. "ಇಲ್ಲಮ್ಮ, ಅದರ ಕತ್ತೇ ಹಾಗೆ. ಕಣ್ಣುಗುಡ್ಡೆ ಹೊರಳಿಸೋಕೆ ಆಗಲ್ಲ, ಅದಕ್ಕೆ ತಲೇನೇ ತಿರುಗಿಸುತ್ತೆ. ನಮ್ಮ ಕತ್ತಲ್ಲಿ ಏಳು ಮೂಳೆ, ಅದರದ್ದರಲ್ಲಿ ಹದಿನಾಲ್ಕು."

ಅಷ್ಟರಲ್ಲಿ ದೊಡ್ಡ ಮರಿ ಕತ್ತು ಚಾಚಿತು, ಬಾಯಿ ಅಗಲ ಮಾಡಿತು, ಎರಡು ಸಲ ತಲೆ ಕೊಡವಿತು. ಬಾಯಿಂದ ಕಪ್ಪಗೆ ಮಿಂಚುವ ಒಂದು ಉಂಡೆ ಹೊರಬಂದು ಹಲಗೆಯ ಮೇಲೆ ಬಿತ್ತು. ಉರುಳಿತು. ನನ್ನ ಮೂಗಿನ ಮುಂದಿನಿಂದಲೇ ಅಂಗಡಿಗೆ ಬಿತ್ತು.

ಕಂಡೋರು ಯಾರು ಅಂತ ಕೇಳಿದ್ದೆನಲ್ಲ, ಕಂಡವಳು ನಾನೇ ಆದೆ.

ಇನ್ನೊಂದು ಕಂಡೆ. ಆ ದೊಡ್ಡ ಮರಿಯ ಹತ್ತಿರ ಒಂದು ಇಲಿ ಬಿದ್ದಿತ್ತು. ಅದು ಇಲಿಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡಿತು, ಆದರೆ ನುಂಗಲಿಲ್ಲ. ಮುಷ್ಟಿಯಷ್ಟಿದ್ದ ಕಿರಿಯದರ ಮುಂದೆ ಚಾಚಿತು. ಕಿರಿಯದು ಕಿತ್ತುಕೊಂಡಿತು.

"ಡಾಕ್ಟರಮ್ಮ, ದೊಡ್ಡದು ಚಿಕ್ಕದಕ್ಕೆ ಕೊಡ್ತಾ ಇದೆ!"

"ಕೊಡ್ತವೆ. ಈ ಜಾತಿ ಗೂಬೆಗಳಲ್ಲಿ ತಾನು ತಿನ್ನೋದು ಬಿಟ್ಟು ತಮ್ಮತಂಗೀರಿಗೆ ಕೊಡೋ ಮರಿಗಳನ್ನ ಕಂಡೋರಿದ್ದಾರೆ."

ನಾನು ಏಣಿಯ ಮೇಲೆ ಅತ್ತುಬಿಟ್ಟೆ. ಗೂಬೆ ಎಂದರೆ ಅಪಶಕುನ ಅಂದುಕೊಂಡವಳು ನಾನು. ಆ ಮರಿಗಿದ್ದ ಬುದ್ಧಿ ನನಗಿರಲಿಲ್ಲ. ಗಂಡನಿಲ್ಲದ ತಂಗಿಯನ್ನು, ಅವಳ ಮಗುವನ್ನು, ನನ್ನ ಹೊಟ್ಟೆಕಿಚ್ಚಿಗೆ ಬೀದಿಗೆ ತಳ್ಳಿದ್ದೆ.

ಇಳಿಯುವ ಹೊತ್ತಿಗೆ ಇನ್ನೊಂದು ಆಘಾತ ಕಾದಿತ್ತು. ಕಪಾಟಿನ ಮೇಲಿದ್ದ ಇಲಿ ಪಾಷಾಣದ ಪೊಟ್ಟಣ ಡಾಕ್ಟರಮ್ಮನ ಕಣ್ಣಿಗೆ ಬಿದ್ದಿತ್ತು.

"ಇದನ್ನ ಇಟ್ಟಿದ್ದೀರಾ?"

"ಇವತ್ತು ಇಡೋಣ ಅಂತ ಇದ್ದೆ. ಪ್ರತಿ ವರ್ಷ ಇಡ್ತೀವಲ್ಲ" ಎಂದರು ಯಜಮಾನರು.

"ದೇವರು ದೊಡ್ಡವನು! ಪಾಷಾಣ ತಿಂದ ಇಲಿ ಒಡನೇ ಸಾಯಲ್ಲ ರೀ, ತೂರಾಡ್ತಾ ಓಡಾಡುತ್ತೆ. ಗೂಬೆಗೆ ಸಿಗೋದು ಅದೇ ಮೊದಲು. ಅಪ್ಪ ಅಮ್ಮ, ರಾತ್ರಿ ಚೀರೋದು ಅವೇ, ಅದನ್ನ ಹಿಡಿದು ತಂದು ಮರಿಗಳಿಗೆ ಹಾಕ್ತವೆ. ಇಡೀ ಸಂಸಾರಾನೇ ಹೋಗ್ಬಹುದು. ಮರಿ ಇರೋ ಕಾಲದಲ್ಲಿ ಒಂದು ಜೋಡಿ ರಾತ್ರಿಗೆ ಹತ್ತು, ಹನ್ನೆರಡು ಇಲಿ ಹಿಡಿದ್ರೂ ಆಶ್ಚರ್ಯ ಇಲ್ಲ. ರೆಕ್ಕೆ ಬಡಿದ ಸದ್ದೇ ಇಲಿಗೆ ಕೇಳಲ್ಲ, ಅಷ್ಟು ಮೆತ್ತನೆ ಗರಿ. ಕಿವಿ ಒಂದು ಮೇಲೆ, ಒಂದು ಕೆಳಗೆ. ಅದಕ್ಕೇ ಕತ್ತಲಲ್ಲೂ ಇಲಿ ಎಲ್ಲಿದೆ ಅಂತ ಸದ್ದಲ್ಲೇ ಹಿಡಿಯುತ್ತೆ. ಈ ವರ್ಷ ನಿಮಗೆ ಇಲಿ ಕಾಟ ಯಾಕೆ ಕಮ್ಮಿ ಆಯ್ತು ಅಂದ್ಕೊಂಡ್ರಿ?"

ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. "ಮೂವತ್ತು ವರ್ಷದ ಕೈ ಅಂತ ಜಂಬ ಪಟ್ಟೆ. ಗೂಬೆ ಹೊಟ್ಟೆ ಮಾಡಿದ್ದನ್ನ ಆ ಹೆಣ್ಣುಮಗು ಕೈ ಮಾಡಿದ್ದು ಅಂದೆ. ಅವಳ ತಲೆ ಮೇಲೆ ಗೂಬೆ ಕೂರಿಸಿದ್ವಲ್ಲೇ!"

ಅತ್ತೆ ಮಂಚದಿಂದ ಕೂಗಿದರು. "ದೊಡ್ಡವಳೇ, ಗಂಟೆ ಎಷ್ಟು? ಓಡು!"

ಹನ್ನೆರಡಾಗಲು ಹತ್ತು ನಿಮಿಷವಿತ್ತು. ಬಟ್ಟೆಗೆಲ್ಲ ಅಟ್ಟದ ಧೂಳು, ಕಾಲಿಗೆ ಚಪ್ಪಲಿಯಿಲ್ಲ, ಹಾಗೇ ಓಡಿದೆ. ನಿಲ್ದಾಣದಲ್ಲಿ ಬಸ್ಸು ಗುರುಗುಟ್ಟುತ್ತ ನಿಂತಿತ್ತು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳು ಕಿಟಕಿಯ ಹತ್ತಿರ ಕೂತಿದ್ದಳು. ಕಿಟಕಿಯ ಸರಳು ಹಿಡಿದು ಏದುಸಿರಿನಲ್ಲೇ ಎಲ್ಲವನ್ನೂ ಹೇಳಿದೆ. ಗೂಬೆ, ಉಂಡೆ, ಇಲಿಯ ಹಲ್ಲು. "ತಪ್ಪಾಯ್ತು ಕಣೇ, ಇಳಿದು ಬಾ" ಎಂದೆ.

ಅವಳು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅಕ್ಕಾ, ಇವತ್ತು ಡಾಕ್ಟರಮ್ಮ ದಿಂಬು ತಗೊಳ್ಳೋಕೆ ಬರದೇ ಇದ್ದಿದ್ರೆ?"

ಕಂಡಕ್ಟರ್ ಸೀಟಿ ಊದಿದ.

"ಬರ್ತೀನಿ" ಎಂದಳು ಅವಳು, ಟ್ರಂಕು ಎಳೆದುಕೊಂಡು ಏಳುತ್ತ. "ಆದ್ರೆ ಬೀದಿ ಜನರೆದುರಿಗೆ ಅಂದಿದ್ದೀರಿ. ಬೀದಿ ಜನರೆದುರಿಗೇ ಸರಿ ಮಾಡ್ಬೇಕು."

ಅವತ್ತೇ ಸಂಜೆ ಅಂಗಡಿಯ ಮುಂದೆ ನಿಂತು ಹೇಳಿದೆ. ಬೋಗುಣಿ, ಮೂಳೆ, ಎಲ್ಲವನ್ನೂ ತೋರಿಸಿದೆ. ಬೀಗ ರಿಪೇರಿಯವನು ಮೂರು ಸಲ ಹಲ್ಲು ಎಣಿಸಿದ. ಅತ್ತೆ ಗೋಡೆ ಹಿಡಿದುಕೊಂಡು ಬಂದು ಅವಳ ಕೈಯಿಂದ ನೀರು ಇಸಿದುಕೊಂಡು ಎಲ್ಲರೆದುರು ಕುಡಿದರು. ಪಾಷಾಣದ ಪೊಟ್ಟಣ ಕೊಂಡ ಅಂಗಡಿಗೆ ವಾಪಸ್ಸು ಹೋಯಿತು, ಇಲಿಬೋನು ಬಂತು. ಗವಾಕ್ಷಿಯನ್ನು ಮುಚ್ಚಲಿಲ್ಲ. ಉಂಡೆ ಬೀಳುವ ಕಡೆ ಒಂದು ಹಳೆಯ ಗೋಣಿಚೀಲ ಹಾಸಿದ್ದೇವೆ. ಆದರೆ ಒಂದು ಬೀದಿಗೆ ಹೇಳಿದರೆ ಸಾಲದು ಅನ್ನಿಸಿತು. ಅದಕ್ಕೇ ಈಗ ನಿಮಗೂ ಹೇಳುತ್ತಿದ್ದೇನೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಅಟ್ಟದಲ್ಲೋ ಹಳೆಯ ಉಗ್ರಾಣದಲ್ಲೋ ಬಿಳಿ ಮುಖದ ಗೂಬೆ ಕಂಡರೆ ಕಲ್ಲು ಹೊಡೆಯಬೇಡಿ, ಹೊಗೆ ಹಾಕಬೇಡಿ. ಮರಿಗಳಿದ್ದರೆ ಸುಮಾರು ಎರಡು ತಿಂಗಳು ತಾಳಿ, ಅವೇ ಹಾರಿಹೋಗುತ್ತವೆ. ಇಲಿಗೆ ಪಾಷಾಣ ಇಡಬೇಡಿ, ಬೋನು ಇಡಿ. ಉಂಡೆಗಳನ್ನು ಬರಿಗೈಲಿ ಮುಟ್ಟಬೇಡಿ, ಗುಡಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಅರ್ಥವಾಗದ್ದು ಕಂಡರೆ ಹತ್ತಿರದ ದನದ ಆಸ್ಪತ್ರೆಗೆ ಹೋಗಿ ಕೇಳಿ. ಅದು ತಿಳಿಯುವವರೆಗೆ ಮನೆಯ ಯಾವ ಹೆಣ್ಣುಮಗಳ ಕಡೆಗೂ ಬೆರಳು ತೋರಿಸಬೇಡಿ.

ನಮ್ಮ ಬಾಗಿಲಿಗೆ ಡಾಕ್ಟರಮ್ಮ ತಾವಾಗಿಯೇ ಬಂದರು, ಅದೂ ದಿಂಬಿಗೆ. ನಿಮ್ಮ ಬಾಗಿಲಿಗೂ ಬರುತ್ತಾರೆಂದು ಕಾಯಬೇಡಿ. ಬಸ್ಸು ಹನ್ನೆರಡಕ್ಕೆ ಹೊರಟುಬಿಡುತ್ತದೆ.