ಒಡೆದ ಒಲೆ ಕೊಟ್ಟು ಬಕೆಟ್ ತಗೊಂಡ ಭೀಮವ್ವ

ಮೂರು ದಿನದಿಂದ ಯಶೋದಾಳ ಕಣ್ಣೆಲ್ಲ ಗಂಡನ ಬಲಗೈ ಮೇಲೇ. ಭಾನುವಾರ ಬೆಳಿಗ್ಗೆ ಹರಿಹರದ ಅವರ ಮನೆಯಲ್ಲಿ ಚೌಡೇಶ್ ಚಹಾ ಕಾಯಿಸುತ್ತಿದ್ದಾಗ ಗ್ಯಾಸ್ ಒಲೆಯ ಮೇಲಿನ ಗಾಜು ಢಂ ಎಂದು ಸಿಡಿದಿತ್ತು. ಒಂದು ಚೂರು ಅಂಗೈ ಸೀಳಿ ಒಳಗಿನ ನರವನ್ನೇ ಕತ್ತರಿಸಿತ್ತು. ದಾವಣಗೆರೆಯಲ್ಲಿ ಹೊಲಿಗೆ ಹಾಕಿದ ಡಾಕ್ಟರು, "ಬೆರಳು ಮೊದಲಿನಂಗೆ ಮಡಚುತ್ತೋ ಇಲ್ವೋ ಈಗಲೇ ಹೇಳಕ್ಕಾಗಲ್ಲಮ್ಮಾ" ಅಂದುಬಿಟ್ಟರು. ಚೌಡೇಶ್ ಗುತ್ತೂರಿನ ಹತ್ತಿರದ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಮಷಿನ್ ನಡೆಸುವವನು. ಬೆರಳು ಮಡಚದಿದ್ದರೆ ಯಾರು ಕೆಲಸ ಕೊಡುತ್ತಾರೆ?

ಒಲೆ ತಂದು ನಾಲ್ಕು ತಿಂಗಳೂ ಆಗಿರಲಿಲ್ಲ. ಅಂಗಡಿಗೆ ಫೋನ್ ಮಾಡಿದರೆ, ಅಂಗಡಿಯವನದು ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು.

"ನೀವು ಭಾರದ ಪಾತ್ರೆ ಇಟ್ಟಿರ್ತೀರಿ ಮೇಡಂ. ಆದ್ರೂ ನಮ್ಮ ಗಿರಾಕಿ ಅಂತ ಹೊಸಾ ಒಲೆ ಕೊಡ್ತೀನಿ. ಹಳೇದು ತಗೊಂಡ್ ಬರ್ರಿ, ಒಂದು ಕಾಗದಕ್ಕೆ ಯಜಮಾನ್ರು ಸಹಿ ಹಾಕ್ಲಿ, ಮುಗೀತು."

ಹೊಸ ಒಲೆಯಾದರೂ ಸಿಕ್ಕಿತಲ್ಲ ಎಂದು ಯಶೋದಾಳಿಗೂ ಅನ್ನಿಸಿತು. ಬುಧವಾರ ಪಕ್ಕದ ಮನೆಯ ಹಜೀರಾಬೀ ಕೈ ನೋಡಲು ಬಂದಳು. ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಸ್ವಯಂಸೇವಕಿಯಾಗಿ ಜನಕ್ಕೆ ಕಾನೂನು ತಿಳಿಸುವವಳು ಆಕೆ. ಸಹಿಯ ವಿಷಯ ಕೇಳಿದ್ದೇ ತಡ, ಚಹಾ ಲೋಟ ಕೆಳಗಿಟ್ಟಳು.

"ಸಹಿಗಿಹಿ ಹಾಕಬ್ಯಾಡ್ರಿ! ಮುಂದೆ ಏನೂ ಕೇಳಲ್ಲ ಅಂತ ಬರ್ಸ್ಕಂತಾನೆ. ಎರಡು ಲೋಟ ಚಹಾ ಪಾತ್ರೆ ಅವನಿಗೆ ಭಾರ ಆಯ್ತಂತಾ?"

ಮೂಲೆಯಲ್ಲಿ ಕೂತಿದ್ದ ಅತ್ತೆ ಭೀಮವ್ವ ಮುಖ ಸಿಂಡರಿಸಿದರು. "ಸುಮ್ಕಿರು ಹಜೀರಮ್ಮ. ಕಂಪನಿ ಮ್ಯಾಲೆ ಕೋರ್ಟಿಗೆ ಹೋಗಾಕೆ ನಾವೆಷ್ಟರವ್ರು? ನಮ್ಮ ಹಣೇಬರ."

"ಹಣೇಬರ ಹೆಂಗಾಗ್ತತೆ ಭೀಮವ್ವಾ? ಸಾಮಾನಿನಾಗೆ ದೋಷ ಇದ್ದು ಪೆಟ್ಟಾದ್ರೆ ಅದು ಮಾಡಿದ ಕಂಪನಿ ಹೊಣೆ. ಕೆಲವು ಸಲ ಮಾರಿದೋರ್ದೂ ಹೌದು. ಆಸ್ಪತ್ರೆ ಖರ್ಚು, ಹೋದ ಪಗಾರ, ಪಟ್ಟ ನೋವು, ಎಲ್ಲಕ್ಕೂ ಪರಿಹಾರ ಕೇಳ್ಬಹುದು. ದಾವಣಗೆರೆಯಾಗೇ ಜಿಲ್ಲಾ ಗ್ರಾಹಕರ ಆಯೋಗ ಐತೆ. ಎರಡು ವರ್ಷದೊಳಗೆ ದೂರು ಕೊಡ್ಬೇಕು. ವಕೀಲರು ಇರ್ಲೇಬೇಕು ಅಂತಿಲ್ಲ. ಆದ್ರೆ ದೋಷ ಇತ್ತು ಅಂತ ತೋರ್ಸಬೇಕಲ್ಲ, ಅದಕ್ಕೆ ಆ ಒಲೆನೇ ಬೇಕು. ಎಲ್ಲೈತೆ?"

ಭೀಮವ್ವ ಬಚ್ಚಲ ಕಡೆ ನೋಡಿದರು. ಬಚ್ಚಲ ಬಾಗಿಲಲ್ಲಿ ಹೊಸದೊಂದು ಕೆಂಪು ಬಕೆಟ್ ಇತ್ತು. ಅದನ್ನು ನೋಡಿದ ಯಶೋದಾ ಎದ್ದು ನಿಂತಳು.

"ಅತ್ತೀ, ಏನ್ ಮಾಡಿದ್ರಿ?"

"ರಕ್ತ ಬಿದ್ದ ಸಾಮಾನು ಯಾರರ ಮನ್ಯಾಗೆ ಇಟ್ಕಂತಾರೇನು? ನಾಳೆ ಅಮಾಸಿ ಬ್ಯಾರೆ. ಬೆಳಿಗ್ಗೆ ಗುಜರಿ ಬಿಲಾಲ್ ಬಂದಿದ್ದ, ಕೊಟ್ಟು ಬಕೀಟು ತಗಂಡೆ."

ಯಶೋದಾ ಆಗಲೇ ಗುಜರಿ ಅಂಗಡಿಗೆ ಆಟೋ ಹತ್ತಿದಳು. ಪಕ್ಕದಲ್ಲಿ ಭೀಮವ್ವ ಬಕೆಟ್ಟನ್ನು ತೊಡೆಯ ಮೇಲಿಟ್ಟು ಕೂತಿದ್ದರು. ವಾಪಸ್ ಕೊಡದೆ ಒಲೆ ಕೇಳುವುದು ಹೇಗೆ ಎಂಬ ಸಂಕೋಚ ಪಾಪ. ಗುಜರಿ ಅಂಗಡಿ ಮುಂದೆ ಆಗಲೇ ಲಾರಿ ನಿಂತಿತ್ತು. ಒಳಗೆ ಸುತ್ತಿಗೆಯ ಸದ್ದು.

"ಬಿಲಾಲಣ್ಣಾ, ನಿಲ್ಸಣ್ಣಾ!" ಯಶೋದಾ ಕೂಗಿಕೊಂಡೇ ಓಡಿದಳು.

ಬಿಲಾಲ್ ಬೆಚ್ಚಿ ತಿರುಗಿದ. ಒಡೆಯುತ್ತಿದ್ದುದು ಯಾರದೋ ಹಳೇ ಫ್ಯಾನು. "ನಿಮ್ ಒಲೆ ಅಲ್ಲೈತಲ್ಲಕ್ಕ. ಬರ್ನರ್ ಬಿಚ್ಚೀನಿ ಅಷ್ಟೆ, ಹಿತ್ತಾಳೆ ರಾಶಿಗೆ ಇನ್ನೂ ಹಾಕಿಲ್ಲ. ಗಾಜು ನಾನು ತಗಳ್ಳಲ್ಲ, ಅವ್ವಂಗೇ ಬಿಟ್ಟು ಬಂದೆ."

ಒಲೆಯ ತಳದಲ್ಲಿ ಕಂಪನಿಯ ಹೆಸರು, ನಂಬರು ಇದ್ದ ಚೀಟಿ ಹಾಗೇ ಅಂಟಿಕೊಂಡಿತ್ತು. ಯಶೋದಾ ಅದನ್ನು ಸೆರಗಿನಿಂದ ಒರೆಸಿ ಅಲ್ಲೇ ಅತ್ತುಬಿಟ್ಟಳು. ಬಿಲಾಲ್ ಬರ್ನರ್ ಸಮೇತ ಒಲೆ ಕೊಟ್ಟ, ಬಕೆಟ್ ಕೂಡ ವಾಪಸ್ ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದಮೇಲೆ ಭೀಮವ್ವನದೇ ಓಡಾಟ. ದನ ತುಳಿದಾವು ಎಂದು ಚೀಲದಲ್ಲಿ ಕಟ್ಟಿ ಹಿತ್ತಲಲ್ಲಿಟ್ಟಿದ್ದ ಗಾಜಿನ ಚೂರು ತಂದರು. ಅಟ್ಟದ ಮೇಲಿಂದ ಒಲೆಯ ಡಬ್ಬ ಇಳಿಸಿ, ಅದರಲ್ಲಿ ತುಂಬಿಟ್ಟಿದ್ದ ಸಂಡಿಗೆಯನ್ನು ಮೊರಕ್ಕೆ ಸುರಿದರು. ತಳದಲ್ಲಿ ಬಿಲ್ಲು, ವಾರಂಟಿ ಕಾರ್ಡು! ಹಜೀರಾಬೀ ಎಲ್ಲದರ ಫೋಟೊ ತೆಗೆದುಕೊಂಡಳು, ಆಸ್ಪತ್ರೆ ಚೀಟಿಗಳನ್ನೂ ಸೇರಿಸಿ ದೂರು ಬರೆಸಿದಳು.

ಅಷ್ಟರಲ್ಲಿ ಅಂಗಡಿಯವನ ಫೋನ್. "ಒಲೆ ಯಾವಾಗ ತರ್ತೀರಿ?"

"ಒಲೆ ಕೊಡಲ್ಲ ಸರ್. ಸಹಿನೂ ಹಾಕಲ್ಲ." ಯಶೋದಾ ಹೇಳಿಯೇಬಿಟ್ಟಳು.

ಚೌಡೇಶ್ ಎಡಗೈಯಲ್ಲಿ ಪೆನ್ನು ಹಿಡಿದು ದೂರಿಗೆ ಸಹಿ ಹಾಕಿದ. ಅಕ್ಷರ ಸೊಟ್ಟಗೆ ಎಲ್ಲೆಲ್ಲಿಗೋ ಹೋಯಿತು. "ಇದು ನನ್ನ ಸಹಿ ಅಂತ ನಂಬ್ತಾರಾ?" ಅಂದ.

"ನಂಬ್ದಿದ್ರೆ ಬಲಗೈ ತೋರ್ಸು," ಅಂದರು ಭೀಮವ್ವ.

ಆಯೋಗ ಏನು ಹೇಳುತ್ತದೋ, ಬೆರಳು ಮಡಚುತ್ತದೋ ಇಲ್ಲವೋ, ಯಶೋದಾಳ ಚಿಂತೆ ಇನ್ನೂ ತೀರಿಲ್ಲ. ಆದರೆ ಪರಿಹಾರ ಕೇಳುವ ದಾರಿ ಕೈ ತಪ್ಪಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಲೆಯೋ ಕುಕ್ಕರೋ ಸಿಡಿದು ಯಾರಿಗಾದರೂ ಪೆಟ್ಟಾದರೆ, ಮೊದಲು ಆಸ್ಪತ್ರೆಗೆ ಹೋಗಿ. ಆ ಸಾಮಾನನ್ನು ಗುಜರಿಗೂ ಹಾಕಬೇಡಿ, ಅಂಗಡಿಗೂ ಕೊಡಬೇಡಿ. ಔಷಧಿಗೂ ಇದೇ ಮಾತು: ಮಾತ್ರೆ ನುಂಗಿ ಮೈಗೆ ತೊಂದರೆಯಾದರೆ ಉಳಿದ ಮಾತ್ರೆ, ಅದರ ಪಟ್ಟಿ, ಬಿಲ್ಲು ತೆಗೆದಿಟ್ಟು ತಕ್ಷಣ ಡಾಕ್ಟರಿಗೆ ತೋರಿಸಿ. ಓದದ ಕಾಗದಕ್ಕೆ ಸಹಿ ಹಾಕಬೇಡಿ. ಗ್ರಾಹಕರ ಸಹಾಯವಾಣಿ 1915, ಉಚಿತ ಕಾನೂನು ನೆರವಿಗೆ 15100. ಈ ಎರಡು ನಂಬರನ್ನು ಇವತ್ತೇ ಅಡುಗೆಮನೆ ಗೋಡೆಗೆ ಬರೆದಿಡಿ. ರಕ್ತ ಬಿದ್ದ ಸಾಮಾನು ಮನೆಯಲ್ಲಿರುವುದು ಅಪಶಕುನವಲ್ಲ, ಅದು ನಿಮ್ಮ ಸಾಕ್ಷಿ.